ಕೆಂಬೇರಿ ಜತೆ ಚೌಕಾಸಿ

ನಗು ಬಂದರೆ ನಗಿ, ಬೇಡ ಅನ್ನೋದಿಲ್ಲ. ಆದರೆ ದುರ್ಗಿಗೆ ಕೇಳಿಸದ ಹಾಗೆ ನಗಿ. ಅವಳು ಆಗಲೇ ಸುಸ್ತಾಗಿದ್ದಾಳೆ.

ನದಿ ಹೋಗಿ ಕಡಲಿಗೆ ಸೇರುವ ಅಳಿವೆ ಬದಿಯಲ್ಲಿ ಒಂದು ಕೇರಿ. ಅಲ್ಲಿ ದುರ್ಗಿ ಅಂತ ಒಬ್ಬಳು ಮೀನು ಮಾರುವವಳು. ಅವಳಿಗೊಬ್ಬ ಮಗ, ಜಟ್ಟಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಕೆಲಸ ಹೇಳಿದರೆ ಆಗೋದಿಲ್ಲ ಅನ್ನುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತಾಪತ್ರಯ. "ಹಾಲು ಉಕ್ಕಿದ ಮೇಲೆ ಕರಿ" ಅಂದರೆ ಹಾಲು ಉಕ್ಕಿ, ಹರಿದು, ಒಲೆ ಆರಿದ ಮೇಲೆ ಕರೆಯುತ್ತಿದ್ದ.

ಬುಟ್ಟಿ ಹೊತ್ತು ಹೊತ್ತು ದುರ್ಗಿಯ ಕುತ್ತಿಗೆ ಎಡಗಡೆಗೆ ತಿರುಗುವುದನ್ನೇ ಬಿಟ್ಟಿತ್ತು. ಎಡಗಡೆ ಯಾರಾದರೂ ಮಾತಾಡಿಸಿದರೆ ಇಡೀ ದುರ್ಗಿಯೇ ತಿರುಗಬೇಕು. ಅಷ್ಟರಲ್ಲಿ ಹತ್ತಿರದ ರೆಸಾರ್ಟು ಬಾಗಿಲು ಹಾಕಿತು. ಹೋಗುವವರು ಹಳೇ ಕಯಾಕು ಒಂದನ್ನು ಇವಳ ಅಂಗಳದಲ್ಲಿ ಬಿಟ್ಟು ಹೋದರು. ಒಬ್ಬನೇ ಕೂತು ಹುಟ್ಟು ಹಾಕುವ ಹಳದಿ ಪ್ಲಾಸ್ಟಿಕ್ ದೋಣಿ. ಜಟ್ಟಿ ಅದರಲ್ಲಿ ಕೂತರೆ ಬಾತುಕೋಳಿ ಕೂತ ಹಾಗೆ, ಅಲುಗಾಡುತ್ತಿರಲಿಲ್ಲ.

ದುರ್ಗಿಗೆ ಆಸೆ ಹುಟ್ಟಿತು. ಇವನು ಗಾಳ ಹಾಕಿ ನಾಲ್ಕು ಒಳ್ಳೇ ಮೀನು ತಂದರೆ ತಾನು ಮನೆ ಬಾಗಿಲಲ್ಲೇ ಕೂತು ಮಾರಬಹುದು. ಬುಟ್ಟಿ ಇಳಿಸಬಹುದು. ಬಲೆ ಕೊಳ್ಳುವ ತಾಕತ್ತಿಲ್ಲ, ಆದರೆ ಉಪ್ಪುನೀರಿಗೆ ಆಗುವ ಒಂದು ಗಾಳದ ಕೋಲು, ದಾರ ಸುತ್ತುವ ಒಂದು ರೀಲು? ಅಕ್ಕಿ ಡಬ್ಬಿಯ ತಳದಲ್ಲಿ ಕೂಡಿಟ್ಟಿದ್ದು ಅಷ್ಟಕ್ಕೆ ಸರಿಹೋಗುತ್ತಿತ್ತು. ಅದೂ ಒಂದು ಸಲಕ್ಕೆ ಮಾತ್ರ.

"ಪೇಟೆಗೆ ಹೋಗು ಮಗಾ. ಪಾಂಡುರಂಗಣ್ಣನ ಗಾಳದ ಅಂಗಡೀಲಿ ನೋಡ್ಕೊಂಡು ಬಾ. ಕಣ್ಣು ಮುಚ್ಕೊಂಡು ನೋಡ್ಬೇಡ. ನಾವು ಮೀನು ಹೇಗೆ ನೋಡ್ತೇವೆ, ಹಾಗೆ ನೋಡು."

"ಆಯ್ತಮ್ಮ" ಅಂದ ಜಟ್ಟಿ.

ಈ "ಆಯ್ತಮ್ಮ" ಕೇಳಿದರೆ ದುರ್ಗಿ ಒಲೆ ಮೇಲೆ ಹಾಲಿದೆಯಾ ಅಂತ ಒಮ್ಮೆ ನೋಡಿಕೊಳ್ಳುತ್ತಿದ್ದಳು.

ಅಂಗಡಿಗೆ ಹೋದ. ರೀಲು ಕೈಗೆ ತಗೊಂಡ. ಹೆಬ್ಬೆರಳಲ್ಲಿ ಒತ್ತಿ ನೋಡಿದ, ಗಟ್ಟಿ ಇದೆ. ಮೂಸಿ ನೋಡಿದ, ಎಂತದೋ ವಾಸನೆ. ಆಮೇಲೆ ಕಿವಿರು ಕೆಂಪಗಿದೆಯಾ ನೋಡಲು ಹುಡುಕಿದ. ರೀಲಿನ ಬದಿಗೆ ಒಂದು ಮುಚ್ಚಳ ಇತ್ತು, ಅದರ ಸಂದಿಗೆ ಚಾಕು ತೂರಿಸಿ ಎತ್ತಿದ. ಸ್ಪ್ರಿಂಗು ಹಾರಿ ಪಾಂಡುರಂಗಣ್ಣನ ಚಾದ ಲೋಟಕ್ಕೆ ಬಿತ್ತು.

"ಒಳಗೆ ಕೆಂಪಿಲ್ಲ ಪಾಂಡಣ್ಣ, ಕಪ್ಪಾಗಿದೆ. ಇದು ನಿನ್ನೇದು."

"ನಿನ್ನೇದಲ್ಲ ಮಾರಾಯ, ಹೋದ ವರ್ಷದ್ದು" ಅಂದ ಪಾಂಡುರಂಗಣ್ಣ, ಲೋಟದೊಳಗೆ ಬೆರಳಾಡಿಸುತ್ತ.

"ಹೋದ ವರ್ಷದ್ದಾ? ಹಾಗಾದ್ರೆ ಬೆಕ್ಕಿಗೂ ಹಾಕ್ಬೇಡಿ."

ಸಂಜೆ ದುರ್ಗಿ ಬುಟ್ಟಿ ಇಳಿಸಿದಳು, ಕುತ್ತಿಗೆ ತಿಕ್ಕಿಕೊಂಡಳು, ಬೈದಳು. "ಅದು ಮೀನಲ್ವೋ ಪೆದ್ದೇ, ಲೋಹ. ಉಪ್ಪುನೀರು ತಾಗಿದ್ರೆ ತುಕ್ಕು ಹಿಡಿತದೆ. ಉಪ್ಪು ತಡೀತದಾ ಇಲ್ವಾ ಅಂತ ನೋಡ್ಬೇಕು."

"ಆಯ್ತಮ್ಮ" ಅಂದ ಜಟ್ಟಿ.

ಮಾರನೇ ದಿನ ಒಂದು ಕ್ಯಾನು ಕಡಲ ನೀರು ತುಂಬಿಸಿಕೊಂಡು ಬಸ್ಸು ಹತ್ತಿದ. ಪಾಂಡುರಂಗಣ್ಣ ಒಳಗೆ ಹಗ್ಗ ಅಳೆಯುತ್ತಿದ್ದ. ಇವನು ಗಾಜಿನ ಕಪಾಟು ತೆರೆದು, ಸಾಲಾಗಿ ಕೂತ ರೀಲುಗಳಿಗೆಲ್ಲ ತಲೆಗೆ ನೀರು ಹೊಯ್ದ. ಮಗುವಿಗೆ ಎರೆದ ಹಾಗೆ, ಒಂದನ್ನೂ ಬಿಡದೆ. ಆಮೇಲೆ ಸ್ಟೂಲು ಎಳಕೊಂಡು ಎದುರಿಗೆ ಕೂತ.

"ಏಯ್, ಎಂತ ಮಾಡ್ತಾ ಇದ್ದೀಯೋ?"

"ತುಕ್ಕು ಬರ್ತದಾ ನೋಡ್ತಾ ಇದ್ದೇನೆ ಪಾಂಡಣ್ಣ. ನಿಧಾನ ಆಗ್ತದೆ. ನೀವು ಊಟ ಮುಗಿಸ್ಕೊಂಡು ಬನ್ನಿ."

ಪಾಂಡುರಂಗಣ್ಣನಿಗೆ ಅವತ್ತು ಊಟವಿಲ್ಲ. ಸಂಜೆ ತನಕ ಬಾವಿ ನೀರಲ್ಲಿ ರೀಲು ತೊಳೆದು, ಒರೆಸಿ, ಎಣ್ಣೆ ಬಿಟ್ಟ. ವಿಷಯ ತಿಳಿದ ದುರ್ಗಿ ಬುಟ್ಟಿಯಲ್ಲಿ ಮೇಲಿದ್ದ ಒಳ್ಳೇ ಬಂಗಡೆಗಳನ್ನು ಆರಿಸಿ ಅವನ ಮನೆಗೆ ಕೊಟ್ಟು ಬಂದಳು. ಬಂದು ಬುಟ್ಟಿ ಇಳಿಸಿದಳು, ಕುತ್ತಿಗೆ ತಿಕ್ಕಿಕೊಂಡಳು, ಬೈದಳು. ಬೈಗುಳವೂ ಈಗ ಸ್ವಲ್ಪ ಸೋತಿತ್ತು.

"ನೀನು ಒತ್ತೂದೂ ಬೇಡ, ಹೊಯ್ಯೂದೂ ಬೇಡ. ಕಯಾಕಿಗೆ ಆಗೂವಂತದ್ದು ಕೊಡಿ ಅನ್ನು. ಅವರು ಹೇಳಿದ್ದಕ್ಕೆ ಅರ್ಧ ಕೇಳು. ಕೊಡೂದಿಲ್ಲ ಅಂದ್ರೆ ಬೆನ್ನು ಹಾಕಿ ಹೊರಡು. ತಿರುಗಿ ನೋಡ್ಬೇಡ. ತಿರುಗಿ ನೋಡಿದ್ರೆ ದರ ಇಳಿಸೂದಿಲ್ಲ. ಅವರೇ ಕರೀತಾರೆ. ನನ್ನ ಹತ್ರ ಮೀನು ತಗೊಳ್ಳುವವರೆಲ್ಲ ಹಾಗೇ ಮಾಡೂದು."

"ಆಯ್ತಮ್ಮ."

ಹೋದ. ಕೇಳಿದ. ಪಾಂಡುರಂಗಣ್ಣ ಒಂದು ದರ ಹೇಳಿದ, ಜಟ್ಟಿ ಅರ್ಧ ಅಂದ. ಆಗೋದಿಲ್ಲ ಅಂದ ಪಾಂಡುರಂಗಣ್ಣ. ಜಟ್ಟಿ ಬೆನ್ನು ಹಾಕಿ ಹೊರಟ.

"ಬಾರೋ, ಸ್ವಲ್ಪ ಬಿಡ್ತೇನೆ."

ಜಟ್ಟಿ ತಿರುಗಲಿಲ್ಲ.

ಪಾಂಡುರಂಗಣ್ಣ ಯೋಚಿಸಿದ. ಇವತ್ತು ಬರಿಗೈಲಿ ಕಳಿಸಿದರೆ ಇದು ನಾಳೆಯೂ ಬರುತ್ತದೆ. ಕೋಲು, ರೀಲು ಎತ್ತಿಕೊಂಡು ಬೀದಿಗಿಳಿದ. "ಅರ್ಧಕ್ಕೇ ತಗೊ ಮಾರಾಯ. ನಿನ್ನ ಕಾಲಿಗೆ ಬೀಳ್ತೇನೆ."

ಜಟ್ಟಿ ತಿರುಗಲಿಲ್ಲ. ಬಸ್ಸು ಹತ್ತಿದ. ಪಾಂಡುರಂಗಣ್ಣ ಹೊರಗೆ ನಿಂತು ಕೋಲಿನ ತುದಿಯಿಂದ ಕಿಟಕಿ ಬಡಿದ. ಜಟ್ಟಿ ಡ್ರೈವರನ ತಲೆಯನ್ನೇ ನೋಡುತ್ತ ಊರಿಗೆ ಬಂದ.

"ಕರೀಲಿಲ್ವಾ?" ಅಂದಳು ದುರ್ಗಿ.

"ಕರೆದ್ರಮ್ಮ. ಬಸ್ಸಿನ ತನಕ ಬಂದು ಕರೆದ್ರು."

"ಮತ್ತೆ?"

"ತಿರುಗಿ ನೋಡ್ಬೇಡ ಅಂದಿದ್ಯಲ್ಲ."

ದುರ್ಗಿ ಬುಟ್ಟಿ ಇಳಿಸಿದಳು, ಕುತ್ತಿಗೆ ತಿಕ್ಕಿಕೊಂಡಳು. ಬೈಯಲು ಬಾಯಿ ತೆರೆದವಳು ಹಾಗೇ ಆಕಳಿಸಿದಳು. "ಕರೆದ್ರೆ ತಿರುಗ್ಬೇಕು ಮಗಾ. ಕರೆಯೂ ತನಕ ಮಾತ್ರ ತಿರುಗ್ಬಾರ್ದು."

"ಆಯ್ತಮ್ಮ."

ಕೊನೆಗೆ ತಾನೇ ಹೋದಳು. ಜಟ್ಟಿಯನ್ನು ಅಂಗಡಿಯ ಹೊರಗೆ ಕೂರಿಸಿದಳು. ಪಾಂಡುರಂಗಣ್ಣ ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ತೋರಿಸಿದ. "ಈ ಉದ್ದ ಕೋಲು ದಡದಲ್ಲಿ ನಿಂತು ಎಸೆಯುವವರಿಗೆ. ಕಯಾಕಲ್ಲಿ ಕೂತವನಿಗೆ ಮೋಟು ಕೋಲೇ ಒಳ್ಳೇದು, ಆ ಕಡೆ ಈ ಕಡೆ ತಿರುಗಿಸ್ಬಹುದು. ರೀಲು ಮಧ್ಯಮದ್ದು ಸಾಕು. ಇದಕ್ಕೆ ಉಪ್ಪು ಬೇಗ ಹತ್ತೂದಿಲ್ಲ, ದಿನಾ ಸಿಹಿನೀರಲ್ಲಿ ತೊಳೀಬೇಕು ಅಷ್ಟೆ. ದುಬಾರಿದು ನಿಂಗೆ ಬೇಡ ದುರ್ಗಿ."

"ಉಪ್ಪು ಹತ್ತೂದಿಲ್ಲ ಅಂತ ಹೇಗೆ ನಂಬೂದು?"

"ನಿನ್ನ ಮಗ ನೀರು ಹೊಯ್ದದ್ದರಲ್ಲಿ ಇದೂ ಒಂದು. ನೋಡು, ಒಂದು ಚುಕ್ಕೆ ಇಲ್ಲ."

ಅಕ್ಕಿ ಡಬ್ಬಿ ಖಾಲಿಯಾಯಿತು. ಕೋಲು ಮನೆಗೆ ಬಂತು.

ದುರ್ಗಿಯ ಅಣ್ಣ ವೆಂಕ್ಟ ಹಳೇ ಗಾಳದವನು. ಅವನು ಬಂದು ಕೋಲನ್ನು ಒಂದು ತುಂಡು ಹಗ್ಗದಿಂದ ಕಯಾಕಿಗೆ ಕಟ್ಟಿದ, ಕೈ ತಪ್ಪಿದರೂ ನೀರುಪಾಲಾಗದ ಹಾಗೆ. ಆಮೇಲೆ ಅಳಿಯನಿಗೆ ಪಾಠ ಹೇಳಿದ. "ದೊಡ್ಡ ಮೀನು ಕಚ್ಚಿದ್ರೆ ಜಗ್ಗಾಡ್ಬೇಡ, ದಾರ ಕಡೀತದೆ. ಅದು ಎಳೆದ್ರೆ ನೀನು ಸ್ವಲ್ಪ ಬಿಡು, ಅದು ಸೋತ್ರೆ ನೀನು ಎಳಿ. ಪೇಟೇಲಿ ಚೌಕಾಸಿ ಮಾಡೂದಿಲ್ವಾ, ಥೇಟು ಹಾಗೇ."

"ಚೌಕಾಸಿ ನಂಗೆ ಬರ್ತದೆ ಮಾವ" ಅಂದ ಜಟ್ಟಿ.

ಅದು ಯಾವ ಚೌಕಾಸಿ ಅಂತ ದುರ್ಗಿಗೆ ಗೊತ್ತಿತ್ತು. ಆದರೆ ಸುಸ್ತಾಗಿತ್ತು, ಬಿಡಿಸಿ ಹೇಳುವ ಶಕ್ತಿ ಇರಲಿಲ್ಲ.

ಬೆಳಿಗ್ಗೆ ಜಟ್ಟಿ ಅಳಿವೆಗೆ ಇಳಿದ. ದುರ್ಗಿ ಅವತ್ತು ಬುಟ್ಟಿ ಹೊರಲಿಲ್ಲ, ದಂಡೆಯ ಮೇಲೆ ನಿಂತಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೋಲು ಬಾಗಿತು. ಬಾಗಿ ಬಾಗಿ ಅದರ ತುದಿ ನೀರು ಮುಟ್ಟಿತು. ಕಯಾಕೇ ಸರ್ರನೆ ಜಾರಿತು. ನೀರಿನಿಂದ ಒಮ್ಮೆ ಕೆಂಪಗೆ ಬೆನ್ನೊಂದು ಎದ್ದು ಮುಳುಗಿತು. ಕೆಂಬೇರಿ ಮೀನು. ಬುಟ್ಟಿಯಲ್ಲಿ ಹಿಡಿಸದಷ್ಟು ದೊಡ್ಡದು. ದುರ್ಗಿಗೆ ತನ್ನ ಕುತ್ತಿಗೆ ಹಗುರಾದ ಹಾಗೆ ಅನಿಸಿತು.

ಮೀನು ಎಳೆಯಿತು, ಜಟ್ಟಿ ಸ್ವಲ್ಪ ಬಿಟ್ಟ. ಜಟ್ಟಿ ಎಳೆದ, ಮೀನು ಬಿಡಲಿಲ್ಲ. ಮತ್ತೆ ಎಳೆದ, ಮತ್ತೂ ಬಿಡಲಿಲ್ಲ. ಆಗ ಜಟ್ಟಿ ಬಗ್ಗಿ ಹಗ್ಗದ ಗಂಟು ಬಿಚ್ಚುವುದು ಕಾಣಿಸಿತು.

"ಬಿಚ್ಬೇಡ್ವೋ" ಅಂತ ದುರ್ಗಿ ಕೂಗಿದಳು. ಗಾಳಿ ಎದುರಿಗಿತ್ತು.

ಜಟ್ಟಿ ಕೋಲನ್ನು ಮೆಲ್ಲಗೆ ನೀರಿನ ಮೇಲಿಟ್ಟ, ಬೆನ್ನು ಹಾಕಿದ, ಹುಟ್ಟು ಹಾಕುತ್ತ ದಡಕ್ಕೆ ಹೊರಟ. ಅವನ ಹಿಂದೆ ಕೋಲು ಕಡಲ ಕಡೆಗೆ ಓಡಿ, ಮುಳುಗಿ ಹೋಯಿತು.

ಬಂದವನು ಮರಳಿನ ಮೇಲೆ ಕಡಲಿಗೆ ಬೆನ್ನು ಮಾಡಿ ಕೂತ.

"ಕಟ್ಟಿದ್ದು ಯಾಕೋ ಬಿಚ್ಚಿದೆ?"

"ಕಟ್ಟಿ ಹಾಕಿ ಎಂತ ಚೌಕಾಸಿ ಅಮ್ಮ? ಪಾಂಡಣ್ಣ ನನ್ನನ್ನು ಕಟ್ಟಿದ್ರಾ?"

ದುರ್ಗಿ ಬೈಯಲಿಲ್ಲ. ಇಳಿಸಲು ಬುಟ್ಟಿಯಿರಲಿಲ್ಲ, ಬರೀ ಕುತ್ತಿಗೆ ತಿಕ್ಕಿಕೊಂಡು ಮಗನ ಪಕ್ಕ ಕುಸಿದು ಕೂತಳು, ಅವಳೂ ಕಡಲಿಗೆ ಬೆನ್ನು ಮಾಡಿ. ಹಿಂದೆ ಎಲ್ಲೋ ನೀರು ಬಳಕ್ಕನೆ ಸದ್ದು ಮಾಡಿತು. ಎಡಕ್ಕೆ ತಿರುಗಲು ಕುತ್ತಿಗೆ ಒಪ್ಪಲಿಲ್ಲ. ಮೆಲ್ಲಗೆ ಬಲಕ್ಕೆ ತಿರುಗಿಸಹೋದಳು.

ಜಟ್ಟಿ ಅವಳ ಗಲ್ಲ ಹಿಡಿದು ನೆಟ್ಟಗೆ ಮಾಡಿದ.

"ಅದು ಕರೆಯೂ ತನಕ ತಡಿ ಅಮ್ಮ. ಈಗ ತಿರುಗಿ ನೋಡಿದ್ರೆ ದರ ಇಳಿಸೂದಿಲ್ಲ."