ಹಗ್ಗದ ಫಕೀರವ್ವ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಇನ್ನೂ ಮೀಸೆ ಮೂಡದ ಕಾಲದಲ್ಲಿ, ಬಯಲುಸೀಮೆಯ ಒಂದು ಊರಿನಲ್ಲಿ ಫಕೀರವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳಂತೆ. ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವುದು ಅವಳ ಕಸುಬು. ಆ ಸೀಮೆಯ ಬಾವಿಗಳು ಎಷ್ಟು ಆಳ ಅಂದರೆ, ಬೆಳಿಗ್ಗೆ ಇಳಿಬಿಟ್ಟ ಕೊಡ ಊಟದ ಹೊತ್ತಿಗೆ ಮೇಲೆ ಬರುತ್ತಿತ್ತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅಂಥ ಬಾವಿಗಿಳಿದು ಹೂಳು ತೆಗೆಯುವವನ ಜೀವವೆಲ್ಲ ಹಗ್ಗದಲ್ಲೇ ಇರುತ್ತದೆ. ಅದಕ್ಕೇ ಫಕೀರವ್ವ ಒಂದು ಪದ್ಧತಿ ಇಟ್ಟುಕೊಂಡಿದ್ದಳಂತೆ. ಹೊಸ ಹಗ್ಗ ಹೊಸೆದರೆ ಮೊದಲು ತಾನೇ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹಿತ್ತಿಲ ಬಾವಿಗೆ ಇಳಿಯುವಳು, ತಳದ ನೀರಿನಲ್ಲಿ ಸೆರಗು ಅದ್ದುವಳು, ಮೇಲೆ ಬಂದು ಹಗ್ಗ ಕೊಡುವಳು. ಕೊಳ್ಳುವವರು ಹಗ್ಗ ನೋಡುತ್ತಲೇ ಇರಲಿಲ್ಲ, ಒದ್ದೆ ಸೆರಗು ನೋಡಿ ಒಯ್ಯುತ್ತಿದ್ದರಂತೆ.

ಹೆಸರು ಹಬ್ಬಿತು. ದೂರದೂರಿನ ಗಾಡಿಗಳು ಬಾಗಿಲಿಗೆ ಬಂದು ನಿಂತವು. ಅಷ್ಟರಲ್ಲಿ ಫಕೀರವ್ವನ ಸೊಂಟ ಹಿಡಿಯಿತು. ತಾಯಿ ಸತ್ತ ಮೇಲೆ ಅವಳೇ ಮಗನಂತೆ ಸಾಕಿದ ತಮ್ಮ ಮಾಳಪ್ಪ ಕೆಲಸ ವಹಿಸಿಕೊಂಡ. ಚುರುಕಿನವನು, ಒಳ್ಳೆಯವನು, ಆದರೆ ಕಾದ ಎಣ್ಣೆಗೆ ಬಿದ್ದ ಸಾಸಿವೆ.

"ಅಕ್ಕಾ, ಒಂದೊಂದು ಹಗ್ಗಕ್ಕೂ ಬಾವಿಗೆ ಇಳಕೋಂತ ಕುಂತ್ರ ಈ ಗಾಡಿ ಯಾವಾಗ ತುಂಬೂದು?" ಅಂದನಂತೆ.

ಇಳಿಯಲು ಆಗುವಷ್ಟೇ ಹೊಸಿ ಅಂದಳಂತೆ ಅವಳು. ಮಾಳಪ್ಪ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಓಣಿಯವರನ್ನೆಲ್ಲ ಕೂಡಿಸಿಕೊಂಡು ಹೊಸೆಯತೊಡಗಿದ. ಒಳ್ಳೆಯ ನಾರು ಸಾಲದಾದಾಗ, ನೆನೆದು ಕೊಳೆತ ಹಳೆಯ ನಾರನ್ನು ಒಳಗೆ ಸೇರಿಸಿ ಹೊಸದನ್ನು ಮೇಲೆ ಸುತ್ತಿದ. ಬಾವಿಗಿಳಿಯುವ ಬದಲು ಧೋತರದ ತುದಿಯ ಚುಂಗನ್ನು ಜಗಲಿಯ ಕೊಡದಲ್ಲಿ ಅದ್ದಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಹೊರಗೆ ಬಂದು ಹಗ್ಗ ಕೊಟ್ಟ. ಜನರೂ ಜನರೇ ಬಿಡಿ. ಒದ್ದೆ ಕಂಡಿತು, ಒಯ್ದರು.

ಒಂದು ದಿನ ಫಕೀರವ್ವ ಒಗೆಯಲು ತಮ್ಮನ ಧೋತರ ಕೈಗೆತ್ತಿಕೊಂಡಳಂತೆ. ಅವರ ಬಾವಿಯ ತಳದಲ್ಲಿ ಕೆಂಪು ಜೇಡಿ. ಅದರಲ್ಲಿ ಅದ್ದಿದ ಬಟ್ಟೆ ಎಷ್ಟು ತಿಕ್ಕಿದರೂ ಬಿಳಿಯಾಗದು. ಈ ಚುಂಗು ಒದ್ದೆಯಿತ್ತು, ಆದರೆ ಮಲ್ಲಿಗೆಯಷ್ಟು ಬೆಳ್ಳಗಿತ್ತು. ತಮ್ಮನನ್ನು ಕರೆದಳು. ಕೊಡದಲ್ಲಿ ಅದ್ದಿದ್ದನ್ನೂ ಒಳಗೆ ಕೊಳೆತ ನಾರು ಸೇರಿಸಿದ್ದನ್ನೂ ಅವನು ಒಪ್ಪಿಕೊಂಡ. ಇವತ್ತಿನ ಹಗ್ಗ ಯಾರು ಒಯ್ದರು ಅಂದಳು. ಪಕ್ಕದೂರಿನ ಹುಸೇನಪ್ಪ ಒಯ್ದಿದ್ದ, ಹೂಳು ತೆಗೆಯಲು ಇವತ್ತೇ ಬಾವಿಗಿಳಿಯುವವನಿದ್ದ.

ಹಿಡಿದ ಸೊಂಟ ಆವತ್ತು ಎಲ್ಲಿ ಹೋಗಿತ್ತೋ, ಫಕೀರವ್ವ ಓಡಿದಳಂತೆ. ಕಾಲು ಒದ್ದೆಯಾಗದಂತೆ ಹಳ್ಳ ದಾಟಿದಳು ಅನ್ನುತ್ತಾರೆ. ಹಳ್ಳ ಬತ್ತಿತ್ತು ಅನ್ನುವವರೂ ಇದ್ದಾರೆ, ನಾನು ಅವರ ಕಡೆ.

ಹೋಗಿ ನೋಡಿದರೆ ಹುಸೇನಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಒಂದು ಕಾಲು ಬಾವಿಯೊಳಗೆ ಇಳಿಬಿಟ್ಟಿದ್ದ. ತುಂಬಿದ ಬಸುರಿ ಹೆಂಡತಿ ದಂಡೆಯ ಮೇಲೆ ನಿಂತಿದ್ದಳು. "ಇಳೀಬ್ಯಾಡೋ ಯಪ್ಪಾ!" ಅಂತ ಫಕೀರವ್ವ ಕೂಗಿದಳು. ನೆರೆದವರು ನಕ್ಕರು. ನಿನ್ನ ಮನೆಯ ಹಗ್ಗಕ್ಕೆ ನೀನೇ ಹೆದರುತ್ತೀಯಾ ಅಂದರು.

ಹಿಂದೆಯೇ ಓಡಿ ಬಂದ ಮಾಳಪ್ಪ ಅವಳ ಕೈ ಜಗ್ಗಿದನಂತೆ. ಬೇರೆಯವರ ಹಗ್ಗ ಅದಲುಬದಲಾಗಿದೆ ಅಂದುಬಿಡು, ಇಲ್ಲದಿದ್ದರೆ ನಾಳೆಯಿಂದ ಒಂದು ಗಾಡಿಯೂ ಬರಲಿಕ್ಕಿಲ್ಲ ಅಂತ ಪಿಸುಗುಟ್ಟಿದನಂತೆ. ಸುಳ್ಳಲ್ಲ, ಮನೆತುಂಬ ಜನ ಉಣ್ಣುತ್ತಿದ್ದದ್ದು ಆ ಹೆಸರಿನಿಂದಲೇ. ಫಕೀರವ್ವ ತಮ್ಮನ ಮುಖ ನೋಡಿದಳು. ಆ ಬಸುರಿಯ ಮುಖವನ್ನೂ ನೋಡಿದಳು.

"ಈ ಹಗ್ಗ ಬಾವಿ ಕಂಡಿಲ್ರೋ. ಚುಂಗು ಕೊಡದಾಗ ಅದ್ದಿದ್ದು. ತಪ್ಪು ನಮ್ಮ ಮನೀದು," ಅಂದಳಂತೆ, ಎಲ್ಲರಿಗೂ ಕೇಳುವ ಹಾಗೆ.

ಹುಸೇನಪ್ಪ ಹಗ್ಗ ಬಿಚ್ಚಿದ. ಜನ ಅದಕ್ಕೆ ಒರಳುಕಲ್ಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುವುದರೊಳಗೆ ಹರಿಯಿತು. ಕಲ್ಲು ತಳ ಮುಟ್ಟಿದ ಸದ್ದು ಬಹಳ ತಡವಾಗಿ ಮೇಲೆ ಬಂತಂತೆ. ಆವತ್ತಿನಿಂದ ಮಾಳಪ್ಪ ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಲಿಲ್ಲವಂತೆ.

ಮಾಳಪ್ಪ ಕೊಟ್ಟಿದ್ದ ಹಗ್ಗವನ್ನೆಲ್ಲ ಅಕ್ಕ ತಮ್ಮ ಊರೂರಿಗೆ ಹೋಗಿ ಹಿಂದಕ್ಕೆ ತಂದರು. ಗಾಡಿಗಳು ನಿಂತವು. ಆಮೇಲೆ ಒಳ್ಳೆಯ ನಾರಿನಿಂದ ಹೊಸೆದ ಹಗ್ಗವೂ ಮೂಲೆಯಲ್ಲೇ ಉಳಿಯಿತು, ಮನೆಯಲ್ಲಿ ಅಂಬಲಿ ತೆಳ್ಳಗಾಯಿತು. ಫಕೀರವ್ವ ಅತ್ತಳು ಅನ್ನುತ್ತಾರೆ. ಯಾಕೆ ಅಳಬಾರದು, ಅವಳೇನು ಕಲ್ಲೇ? ಆದರೆ ಹಾಗೆ ಹೇಳಬಾರದಿತ್ತು ಅಂತ ಒಮ್ಮೆಯೂ ಅನ್ನಲಿಲ್ಲವಂತೆ.

ಹೀಗಿರುವಾಗ ಒಂದು ದಿನ ಹುಸೇನಪ್ಪ ಬಾಗಿಲಿಗೆ ಬಂದ, ಕಂಕುಳಲ್ಲಿ ಕೂಸು.

"ನಿನ್ನ ಹಗ್ಗನ ಬೇಕಬೇ ಯವ್ವಾ. ಹರೀತೈತಿ ಅಂತ ತಾವಾಗೇ ಬಂದು ಹೇಳೋರು ಮತ್ತೆಲ್ಲಿ ಸಿಗತಾರ?" ಅಂದನಂತೆ.

ಯಾರೂ ಹೇಳುವ ಮೊದಲೇ ಮಾಳಪ್ಪ ಎದ್ದ. ತಾನು ಹೊಸೆದ ಹಗ್ಗವನ್ನು ಸೊಂಟಕ್ಕೆ ಬಿಗಿದು, ಹುಸೇನಪ್ಪನ ಕಣ್ಣೆದುರಿಗೇ ಬಾವಿಗಿಳಿದ. ಅದೇ ಕಟ್ಟಳೆಯಾಯಿತು. ಯಾರು ಹೊಸೆದರೋ ಅವರೇ ಇಳಿಯಬೇಕು, ಒಯ್ಯುವವರು ನೋಡಬೇಕು. ಕಸುಬು ಮೊದಲಿಗಿಂತ ದೊಡ್ಡದಾಯಿತು, ಊರಿಗೂರೇ ಹೊಸೆಯಿತು. ಬೆಳೆಯಬೇಡಿ ಅಂತ ಫಕೀರವ್ವ ಯಾರಿಗೂ ಅನ್ನಲಿಲ್ಲ. ನಿಮ್ಮ ಕೈಕೆಲಸದ ಮೇಲೆ ನಿಮ್ಮ ಭಾರವನ್ನೇ ಹಾಕಲು ಧೈರ್ಯವಿರುವಷ್ಟು ಬೆಳೆಯಿರಿ ಅಂದಳಂತೆ.

ಈಗ ಬಾವಿಗೆ ಮೋಟಾರು ಬಂದಿದೆ, ಪೇಟೆಯಲ್ಲಿ ನೈಲಾನು ಹಗ್ಗ ಸಿಗುತ್ತದೆ. ಆದರೂ ಆ ಊರಿನಲ್ಲಿ ನಾಗರ ಪಂಚಮಿಗೆ ಜೋಕಾಲಿ ಕಟ್ಟಿದವನು ತಾನೇ ಮೊದಲು ಕೂತು ಜೀಕಬೇಕು. ಎಂಥ ಮೀಸೆಯ ಗಂಡಸಾದರೂ ಸರಿ, ಕೊಂಬೆ ಕಿರುಗುಟ್ಟುವಂತೆ ಜೀಕಬೇಕು. ಅವನು ಇಳಿದು ಬರುವ ತನಕ ಒಬ್ಬ ತಾಯಿಯೂ ಮಗುವಿನ ಕೈ ಬಿಡುವುದಿಲ್ಲ.