ಹಸಿರು ಕಾಗದದ ಮೇಲೆ ಕೆಂಪು ಅಕ್ಷರ

“ಅಪ್ಪಾರ, ಮೊಬೈಲಿನ್ಯಾಗ ಬೆಂಕಿಹಂಗ ಹೊಳೀತಿದ್ದ ಕಾವಿ ಬಣ್ಣ ಕಾಗದಕ್ಕ ಬರೂದ್ರಾಗ ಕೆಸರಾಗೇತಿ. ಚಿತ್ರ ಒಂದ, ಬಣ್ಣ ಒಂದ. ನಡುವ ಮೋಸ ಮಾಡಿದವ್ರು ಯಾರ್ರೀ?”

ಹೀಗೆ ಕೇಳಿದವನು ಮಠದ ಶಿಷ್ಯ ಶಂಭುಲಿಂಗ. ಅವನ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಹೊಸದಾಗಿ ಅಚ್ಚಾದ ಪುಸ್ತಕ. ಮುಖಪುಟದಲ್ಲಿ ಲಿಂಗೈಕ್ಯರಾದ ಹಿರಿಯ ಗುರುಗಳ ಚಿತ್ರವಿತ್ತು. ಪರದೆಯ ಮೇಲೆ ಅವರ ಕಾವಿ ಉರಿಯುತ್ತಿತ್ತು. ಪುಸ್ತಕದಲ್ಲಿ ಅದು ಒದ್ದೆ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು.

ಮಠದ ಈಗಿನ ಗುರುಗಳು ಎರಡನ್ನೂ ನೋಡಿದರು.

“ಪ್ರೆಸ್ಸಿನ ಅಡಿವೆಪ್ಪ ಅಚ್ಚು ಹಾಕೂಕಿಂತ ಮುಂಚೆ ನಿನಗ ಒಂದು ಪ್ರತಿ ಹೊಡದು ತೋರಸ್ಲಿಲ್ಲೇನು?”

“ಬಂದು ನೋಡಿ ಹೋಗ್ರಿ ಅಂದಿದ್ದ ನೋಡ್ರಿ. ಪರದೆ ಮ್ಯಾಲ ನೋಡೇನಲ್ಲ, ಮತ್ತೇನು ನೋಡೂದಂತ ನಾ ಹೋಗ್ಲಿಲ್ಲ. ನಿನ್ನೆ ಪುಸ್ತಕದ ಗಂಟು ತಂದ. ದಾಸೋಹದ ಮನಿ ಮುಂದ, ಉಣ್ಣಾಕ ಬಂದ ಮಂದಿ ಎದುರಿಗೇ ಹೇಳಿಬಿಟ್ಟೆ. ಇಪ್ಪತ್ತು ವರ್ಷ ಮಠದ ಅನ್ನ ಉಂಡು ಗುರುಗಳ ಮೈಮ್ಯಾಲ ಮಣ್ಣು ಬಳದಿ, ಮೋಸಗಾರ ಅಂದೆ. ಒಂದು ಮಾತೂ ಆಡ್ಲಿಲ್ಲ. ಗಂಟು ಇಟ್ಟು ಹ್ವಾದ. ತಪ್ಪಿಲ್ಲಂದ್ರ ಮಾತಾಡ್ತಿದ್ದಿಲ್ಲೇನ್ರಿ?”

ಗುರುಗಳು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಶಿಷ್ಯನಿಗೆ ಕೂಡಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಹೆರಿಗೆಯಲ್ಲೇ ಹೆಂಡತಿ ತೀರಿಕೊಂಡಳು. ಆಗ ಕೂಸನ್ನು ಎತ್ತಿಕೊಂಡವಳು ಅವನ ಅಕ್ಕ. ಅವಳಿಗೆ ಗಂಡನಿರಲಿಲ್ಲ, ಮಕ್ಕಳೂ ಇರಲಿಲ್ಲ. ಒಂದು ಹಗಲು ಪ್ರಯಾಣದಷ್ಟು ದೂರದ ಹಳ್ಳಿಯಲ್ಲಿ ಇದ್ದಳು. ಕೂಸು ಹತ್ತು ವರ್ಷದ್ದಾಗುವ ತನಕ ಅವಳ ಮಗ್ಗುಲಲ್ಲೇ ಮಲಗಿ ಬೆಳೆಯಿತು. ಆಮೇಲೆ ಶಾಲೆಗೆಂದು ಅಪ್ಪನ ಊರಿಗೆ ಹೋಯಿತು.

ಅಕ್ಕ ಒಂದು ಕೌದಿ ಹೊಲಿಯುತ್ತಿದ್ದಳು. ಹುಡುಗಿಗೆ ಗಿಡ್ಡವಾದ ಪ್ರತಿಯೊಂದು ಅಂಗಿಯಿಂದ ಒಂದು ತುಂಡು ಕತ್ತರಿಸಿ ಅದಕ್ಕೆ ಸೇರಿಸುತ್ತಿದ್ದಳು. ತೊಟ್ಟಿಲಲ್ಲಿ ಹಾಕಿದ ಕುಲಾವಿಯ ತುಂಡು ನಟ್ಟನಡುವೆ ಇತ್ತು. ಮದುವೆಯ ದಿನ ಕೂಸಿಗೆ ಇದನ್ನು ತನ್ನ ಕೈಯಾರೆ ಹೊದಿಸಬೇಕು, ಅಷ್ಟಾದರೆ ತನ್ನ ಕೆಲಸ ಮುಗಿಯಿತು ಎನ್ನುತ್ತಿದ್ದಳು. ಅವಳಿಗೆ ಬೇರೆ ಆಸೆ ಇರಲಿಲ್ಲ.

ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮನೆಗೆ ಬಂದ ಕಾಗದವನ್ನು ಅವಳು ಯಾರಿಂದಲೂ ಓದಿಸಿಕೊಂಡವಳಲ್ಲ. ಅಕ್ಷರ ಕೆಂಪಗಿದ್ದು ಮೂಲೆಗೆ ಅರಿಶಿನ ಹಚ್ಚಿದ್ದರೆ ಮದುವೆ. ಅಕ್ಷರ ಕಪ್ಪಗಿದ್ದು ಅರಿಶಿನ ಇಲ್ಲದಿದ್ದರೆ ಸಾವು. ಸಾವಿನ ಕಾಗದವನ್ನು ಮನೆಯಲ್ಲಿ ಇಡುವಂತಿಲ್ಲ. ಇನ್ನೊಬ್ಬರ ಹೊಸಿಲಿಗೆ ಒಯ್ಯುವಂತೆಯೂ ಇಲ್ಲ. ಹರಿದು ಹಾಕಿ ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು. ನಗಬೇಡ ಶಂಭುಲಿಂಗ. ನೀನು ಮೊಬೈಲು ಓದುವುದಕ್ಕಿಂತ ಸರಿಯಾಗಿಯೇ ಅವಳು ಕಾಗದ ಓದುತ್ತಿದ್ದಳು. ಅರವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಹುಡುಗಿಗೆ ಹತ್ತೊಂಬತ್ತು ತುಂಬಿದ ವರ್ಷ ವಿಷಮಜ್ವರ ಬಂತು. ಒಂದು ತಿಂಗಳು ಹಾಸಿಗೆ ಹಿಡಿದಳು. ಅಕ್ಕ ಬಂದು ಕಾಲದೆಸೆಯಲ್ಲಿ ಕುಳಿತಳು. ಜ್ವರ ಇಳಿಯತೊಡಗಿದ ಮೇಲೆ ಹಳ್ಳಿಗೆ ಹಿಂತಿರುಗಿದಳು. ಹೋದಳು ನಿಜ, ಜೀವವನ್ನು ಇಲ್ಲೇ ಬಿಟ್ಟು ಹೋದಳು. ಆಗ ಆ ಹಳ್ಳಿಗೆ ಫೋನು ಬಂದಿರಲಿಲ್ಲ.

ಹುಡುಗಿ ಚೇತರಿಸಿಕೊಂಡಳು. ಅದೇ ಹೊತ್ತಿಗೆ ಒಳ್ಳೆಯ ಸಂಬಂಧ ಕೂಡಿ ಬಂತು. ಎಂಟು ದಿನದಲ್ಲಿ ಮಾತು ಮುಗಿದು ಮುಹೂರ್ತ ಗೊತ್ತಾಯಿತು. ವ್ಯಾಪಾರಿಗೆ ಎಲ್ಲಿಲ್ಲದ ಖುಷಿ. ಅಕ್ಕನಿಗೆ ಮಾತಿನಲ್ಲಿ ಹೇಳಿ ಕಳಿಸುವುದು ಬೇಡ, ಲಗ್ನಪತ್ರಿಕೆ ನೋಡಿಯೇ ಅವಳು ಕುಣಿಯಬೇಕು ಎಂದು ಹಟ ಹಿಡಿದ. ಪ್ರೀತಿ ಇರುವವರಿಗೆ ಇಂಥ ಹುಚ್ಚು ಬುದ್ಧಿ ಬೇಗ ಬರುತ್ತದೆ. ಒಬ್ಬರ ಬಾಯಲ್ಲಿ ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತು.

ವ್ಯಾಪಾರಿ ಮುದ್ರಕನ ಬಳಿಗೆ ಹೋದ. ಹಸಿರು ಬಳೆ, ಕೆಂಪು ಕುಂಕುಮ, ಈ ಎರಡೇ ಬಣ್ಣ ಸಾಕು ಎಂದ. ದಪ್ಪನೆಯ ಹಸಿರು ಕಾಗದವನ್ನು ತಾನೇ ಆರಿಸಿದ. ಅದರ ಮೇಲೆ ಕೆಂಪು ಅಕ್ಷರ ಬರಬೇಕು. ಬೀಗರು ಫೋಟೊ ಬೇಡ ಎಂದಿದ್ದರು, ಇವನು ಮಗಳ ಮುಖ ಇರಲೇಬೇಕು ಎಂದ. ಮುದ್ರಕ ಅವನು ಹೇಳಿದ ಹಾಗೆ ಕಂಪ್ಯೂಟರಿನಲ್ಲಿ ಜೋಡಿಸಿ ತೋರಿಸಿದ. ಪರದೆಯ ಮೇಲೆ ಹಸಿರು ನಗುತ್ತಿತ್ತು. ಅದರ ಮೇಲೆ ಕೆಂಪು ಕುಣಿಯುತ್ತಿತ್ತು. ಮಗಳ ಮುಖ ಕುಂಕುಮದಲ್ಲಿ ಮಿಂದ ಹಾಗೆ ಕಂಡಿತು. ಅಪ್ಪನ ಕಣ್ಣು ತುಂಬಿತು.

ಆಗ ಮುದ್ರಕ ಹೇಳಿದ:

“ಸಾವಕಾರ್ರ, ಈ ಪರದೆಗೆ ತನ್ನದ ಬೆಳಕೈತಿ. ಕೆಂಪಂದ್ರ ಕೆಂಪು ಬೆಳಕನ್ನ ಕಣ್ಣಿಗೆ ಬಿಡತೈತಿ. ಕಾಗದಕ್ಕ ತನ್ನ ಬೆಳಕಿಲ್ಲ. ಮ್ಯಾಲ ಬಿದ್ದ ಬೆಳಕಿನ್ಯಾಗ ಕೆಂಪು ಶಾಯಿ ಹಸಿರನ್ನ ನುಂಗತೈತಿ, ಹಸಿರು ಕಾಗದ ಕೆಂಪನ್ನ ನುಂಗತೈತಿ. ಎರಡೂ ಉಂಡ ಮ್ಯಾಲ ಉಳಿಯೂದು ಬರೇ ಕರ್ರಗ. ಒಂದು ಕಾರ್ಡು ಹೊಡದು ಇಡ್ತೀನಿ, ನಾಳಿಗಿ ನೋಡಿ ಹೋಗ್ರಿ.”

ವ್ಯಾಪಾರಿ ಅಂಗಡಿಯಲ್ಲಿದ್ದ ಎಲ್ಲರೆದುರು ನಕ್ಕುಬಿಟ್ಟ.

“ಬಳಿಗಾರಗ ಬಣ್ಣದ ಪಾಠ ಹೇಳ್ತಿ? ಮೂವತ್ತು ವರ್ಷ ಬಣ್ಣ ಮಾರೇನಿ. ನಾ ಕಣ್ಣಾರೆ ಕಂಡದ್ದನ್ನ ಅಚ್ಚು ಹಾಕು, ಅಷ್ಟ. ನಿನ್ನ ಶಾಣ್ಯಾತನ ನಿನ್ನ ಹಂತ್ಯಾಕ ಇಟ್ಕೋ.”

ಅವನ ತಪ್ಪನ್ನು ಸ್ವಲ್ಪ ಅರ್ಥ ಮಾಡಿಕೋ. ಗಾಜಿನ ಬಳೆಯನ್ನು ಬಿಸಿಲಿಗೆ ಹಿಡಿದರೆ ಬೆಳಕು ಬಳೆಯ ಒಳಗಿನಿಂದ ಹಾದು ಬರುತ್ತದೆ. ಅವನು ಬಣ್ಣ ಕಲಿತದ್ದು ಅಲ್ಲಿ. ಪರದೆಯೂ ಅವನಿಗೆ ಒಂದು ಬಳೆಯ ಹಾಗೆಯೇ ಕಂಡಿತು. ಕಾಗದದ ಸಂಗತಿ ಅವನಿಗೆ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅವನು ಮದುಮಗಳ ಬಳೆ ತರಲು ಪರ ಊರಿಗೆ ಹೊರಟಿದ್ದ. ಹೋಗುವಾಗ ಅಕ್ಕನ ವಿಳಾಸ ಕೊಟ್ಟ. ಮೊದಲ ಪತ್ರಿಕೆ ದೇವರಿಗೂ ಬೇಡ, ಅಕ್ಕನಿಗೇ ಹೋಗಲಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಅವತ್ತೇ ಅಂಚೆಗೆ ಹಾಕು ಎಂದ. ಉಳಿದ ಗಂಟನ್ನು ಮನೆಗೆ ಮುಟ್ಟಿಸಲು ಹೇಳಿದ.

ಮುದ್ರಕ ಮೊದಲ ಪತ್ರಿಕೆಯನ್ನು ಯಂತ್ರದಿಂದ ತೆಗೆದ. ತಾನು ಹೇಳಿದ ಹಾಗೆಯೇ ಆಗಿತ್ತು. ಅಕ್ಷರ ಕಪ್ಪಗೆ ಬಿದ್ದಿತ್ತು. ಹುಡುಗಿಯ ಮುಖವೂ ಕಪ್ಪಗೆ ಬಿದ್ದಿತ್ತು. ಅವನು ಅರಿಶಿನ ಕಲಸಿ ನಾಲ್ಕು ಮೂಲೆಗೂ ಹಚ್ಚಿದ. ಒಣಗಿದ ಮೇಲೆ ನೋಡಿದರೆ ಹಸಿರು ಅದನ್ನೂ ನುಂಗಿ ಹಾಕಿತ್ತು. ಅವನ ಕೈ ತಡೆಯಿತು. ಆದರೆ ಎಲ್ಲರೆದುರು ಆಡಿದ ಆ ಮಾತು ನೆನಪಾಯಿತು. ಶಾಣ್ಯಾತನ ಇಟ್ಟುಕೊಳ್ಳಲು ಹೇಳಿದ್ದಾರೆ, ಇಟ್ಟುಕೊಳ್ಳೋಣ ಎಂದುಕೊಂಡ. ಅವಮಾನವಾದ ಮನುಷ್ಯ ಹೇಳಿದಷ್ಟೇ ಮಾಡುತ್ತಾನೆ. ಪತ್ರಿಕೆ ಅಂಚೆಗೆ ಹೋಯಿತು.

ಅಂಚೆಯವನು ಅದನ್ನು ಅಕ್ಕನ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋದ. ಅಕ್ಕ ಹೊಲದಿಂದ ಬಂದು ಕೈಕಾಲು ತೊಳೆದು ಅದನ್ನು ತೆಗೆದಳು. ಬಿಸಿಲಿಗೆ ಹಿಡಿದಳು. ಕಪ್ಪು ಅಕ್ಷರ. ಮೂಲೆ ನೋಡಿದಳು. ಅರಿಶಿನವಿಲ್ಲ. ನಡುವೆ ನೋಡಿದಳು.

ಕೂಸಿನ ಮುಖ.

ಅವಳು ಯಾರನ್ನೂ ಕರೆಯಲಿಲ್ಲ. ಪಕ್ಕದ ಮನೆಯವರಿಗೆ ತೋರಿಸಿದ್ದರೆ ಓದಿ ಹೇಳುತ್ತಿದ್ದರು. ಆದರೆ ಸಾವಿನ ಕಾಗದವನ್ನು ಇನ್ನೊಬ್ಬರ ಹೊಸಿಲಿಗೆ ಒಯ್ಯುವ ಹೆಂಗಸು ಅವಳಲ್ಲ. ಹಿತ್ತಿಲಿಗೆ ಹೋಗಿ ಹರಿದಳು. ಮುಖವಿದ್ದ ತುಂಡನ್ನು ಕೊನೆಗೆ ಉಳಿಸಿಕೊಂಡಳು. ಅದನ್ನೂ ಹರಿದಳು. ಕೊಡ ಎತ್ತಿ ತಲೆಯ ಮೇಲೆ ನೀರು ಸುರಿದುಕೊಂಡಳು. ಒದ್ದೆ ಸೀರೆಯಲ್ಲೇ ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಕೌದಿ ಎದೆಗವಚಿಕೊಂಡು ಬಸ್ಸಿನ ದಾರಿ ಹಿಡಿದಳು.

ವ್ಯಾಪಾರಿ ಅಷ್ಟರಲ್ಲಿ ಊರಿಗೆ ಮರಳಿದ್ದ. ಮನೆಯ ಮುಂದೆ ಹಂದರ ಏಳುತ್ತಿತ್ತು. ಹೆಂಗಸರು ಒಳಗೆ ಅರಿಶಿನ ಕುಟ್ಟುತ್ತಿದ್ದರು. ಪತ್ರಿಕೆಯ ಗಂಟು ದೇವರ ಮುಂದೆ ಕಟ್ಟಿದ ಹಾಗೆಯೇ ಇತ್ತು. ಒಳ್ಳೆಯ ಗಳಿಗೆ ನೋಡಿ ಬಿಚ್ಚೋಣ ಎಂದಿದ್ದ.

ಮರುದಿನ ಮಧ್ಯಾಹ್ನ ಅಕ್ಕ ಬಂದಳು. ದೂರದಿಂದಲೇ ಹಂದರ ಕಂಡಳು, ಮಂದಿ ಕಂಡಳು. ಸಾವಿಗೂ ಹಂದರ ಹಾಕುತ್ತಾರೆ, ಸಾವಿಗೂ ಮಂದಿ ಕೂಡುತ್ತಾರೆ. ಅವಳಿಗೆ ಅನುಮಾನ ಬರಲಿಲ್ಲ. ನೆಟ್ಟಗೆ ಬಂದು ಹೊಸಿಲ ಮೇಲೆ ನಿಂತಳು. ತಮ್ಮ ನಗುತ್ತ ಎದ್ದು ಬಂದ. ಅಕ್ಕ ಕುಣಿಯುವುದನ್ನು ನೋಡಲು ಬಂದ.

ಅವಳು ಕೇಳಿದಳು:

“ಎಲ್ಲಿ ಮಲಗಿಸೀರಿ? ನನ್ನ ಕೂಸನ್ನ ಎಲ್ಲಿ ಮಲಗಿಸೀರಿ?”

ಒನಕೆ ನಿಂತಿತು. ಹಂದರದ ಮೇಲೆ ಹತ್ತಿದವನು ಕೆಳಗೆ ನೋಡಿದ. ಯಾರಿಗೂ ಏನೂ ತಿಳಿಯಲಿಲ್ಲ. ಸೋದರತ್ತೆಯ ದನಿ ಕೇಳಿ ಹುಡುಗಿ ಒಳಗಿನಿಂದ ಓಡಿ ಬಂದಳು. ಕೈ ತುಂಬ ಅರಿಶಿನವಿತ್ತು. ಅವಳನ್ನು ಕಂಡು ಮುದುಕಿ ಚಿಟ್ಟನೆ ಚೀರಿ ಹಿಂದಕ್ಕೆ ಸರಿದಳು. ಸತ್ತವಳೇ ಎದ್ದು ಬಂದಳೆಂದು ಬೆದರಿದಳು. ತಾನೇ ಸಾಕಿದ ಕೂಸಿಗೆ ತಾನೇ ಬೆದರಿದಳು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಕೇಳಿಲ್ಲ.

ಹುಡುಗಿ ಅವಳ ಎರಡೂ ಕೆನ್ನೆ ಹಿಡಿದಳು. ಕೈ ಬೆಚ್ಚಗಿತ್ತು. ಆಗ ಮುದುಕಿ ಎರಡೂ ತೋಳು ಚಾಚಿ ಅವಳನ್ನು ತಬ್ಬಿಕೊಂಡಳು. ಕೌದಿ ನೆಲಕ್ಕೆ ಬಿತ್ತು. ಒಬ್ಬ ಹೆಂಗಸು ಅದನ್ನು ಎತ್ತಿ ಮದುಮಗಳ ಹೆಗಲಿಗೆ ಹಾಕಲು ಹೋದಳು. ಮುದುಕಿ ಆ ಹೆಂಗಸಿನ ಕೈ ಹಿಡಿದಳು. ಹೆಣಕ್ಕೆಂದು ತಂದದ್ದನ್ನು ಮದುಮಗಳಿಗೆ ಮುಟ್ಟಿಸಬೇಡಿ ಎಂದಳು. ಹತ್ತೊಂಬತ್ತು ವರ್ಷ ಹೊಲಿದ ಕೌದಿಯನ್ನು ತಾನೇ ಒಯ್ದು ಹೊಳೆಗೆ ಬಿಟ್ಟು ಬಂದಳು.

ಕಪ್ಪು ಕಾಗದ ಬಂದದ್ದನ್ನು ಅವಳು ಹೋಗುವಾಗ ಹೇಳಿದ್ದಳು. ವ್ಯಾಪಾರಿ ಓಡಿ ಹೋಗಿ ಗಂಟು ಬಿಚ್ಚಿದ. ಒಂದು ತೆಗೆದ, ಇನ್ನೊಂದು ತೆಗೆದ. ಎಲ್ಲವೂ ಕಪ್ಪು. ಎಲ್ಲದರಲ್ಲೂ ಮಗಳ ಕಪ್ಪು ಮುಖ. ಹೊಳೆಯಿಂದ ಬಂದ ಅಕ್ಕನ ಕಾಲು ಹಿಡಿದ.

“ಅಕ್ಕಾ, ನಾ ನೋಡಿದಾಗ ಕೆಂಪಗಿತ್ತು. ದೇವರಾಣಿ ಕೆಂಪಗಿತ್ತು.”

“ಇದ್ದೀತಪ್ಪಾ. ನೀ ನೋಡಿದ್ದು ನನಗ ಬರ್ಲಿಲ್ಲ. ನನಗ ಬಂದದ್ದನ್ನ ನಾ ನೋಡಿದೆ.”

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನ ಕೈಯಲ್ಲಿದ್ದ ಮೊಬೈಲಿನ ಪರದೆ ತಾನಾಗಿಯೇ ಆರಿತ್ತು. ಅವನು ಅದನ್ನು ಮತ್ತೆ ಹೊತ್ತಿಸಲಿಲ್ಲ.

ಅವನು ಕೇಳಿದ: “ತಪ್ಪು ಯಾರದ್ರಿ ಅಪ್ಪಾರ? ಬಳಿಗಾರಂದೋ, ಅಚ್ಚು ಹಾಕಿದವಂದೋ?”

ಗುರುಗಳು ತೊಡೆಯ ಮೇಲಿದ್ದ ಪುಸ್ತಕವನ್ನು ಅವನ ಕೈಗೆ ಕೊಟ್ಟರು. ಅದರಲ್ಲಿ ಹಿರಿಯ ಗುರುಗಳು ಇಟ್ಟಿಗೆ ಬಣ್ಣದ ಕಾವಿಯಲ್ಲಿ ಮೊದಲಿನ ಹಾಗೆಯೇ ಕುಳಿತಿದ್ದರು.

“ಅದಿರಲಿ. ನಿನ್ನೆ ಮಂದಿ ಮುಂದ ಅಡಿವೆಪ್ಪಗ ಆಡಿದ್ಯಲ್ಲ, ಆಡೂಕಿಂತ ಮುಂಚೆ ಆ ಮಾತಿಂದು ಒಂದು ಪ್ರತಿ ಹೊಡಿಸಿ ನೋಡಿದ್ಯೇನು?”