ಮುಷ್ಟಿ ಫಕೀರಪ್ಪನ ಕೈಯ ಅರಿವೆ

ಕಾಲ ಯಾವುದೆಂದು ಕೇಳಬೇಡಿ. ನಮ್ಮಜ್ಜನ ಅಜ್ಜನಿಗೂ ಇದು ಹಳೆಯ ಮಾತೇ ಆಗಿತ್ತಂತೆ. ಹೊಳೆಯ ಈಚೆ ದಂಡೆಯಲ್ಲಿ ತೊರೆಹಾಳ ಅಂತ ಒಂದೂರು, ಆಚೆ ದಂಡೆಯಲ್ಲಿ ಕಲ್ಲಗೋನಾಳ ಅಂತ ಇನ್ನೊಂದೂರು. ಹೊಳೆಯ ನಟ್ಟನಡುವೆ ಒಂದು ನಡುಗಡ್ಡೆ. ಮಳೆಗಾಲದಲ್ಲಿ ಅದು ಮುಳುಗಿ ಕಾಣೆಯಾಗುತ್ತಿತ್ತು, ನೀರಿಳಿದ ಮೇಲೆ ಮತ್ತೆ ಬೆನ್ನು ತೋರಿಸುತ್ತಿತ್ತು. ಆ ಉಸುಕಿನಲ್ಲಿ, ಹೊಸ ಮೆಕ್ಕಲಿನಲ್ಲಿ ಹಾಕಿದ ಕಲ್ಲಂಗಡಿ ಬೀಜ ಬೇರೆಲ್ಲೂ ಬಾರದ ಹಾಗೆ ಬರುತ್ತಿತ್ತಂತೆ. ಹಾಗಾಗಿ ಆ ನೆಲ ಯಾರದು ಅನ್ನುವ ಜಗಳವೂ ವರ್ಷವರ್ಷ ಮುಳುಗಿ ವರ್ಷವರ್ಷ ಏಳುತ್ತಿತ್ತು.

ಮೊದಮೊದಲು ಬಡಿಗೆ, ಕುಡಗೋಲು ಹಿಡಿದು ಹೋಗುತ್ತಿದ್ದರಂತೆ. ಸಾಕಷ್ಟು ತಲೆ ಒಡೆದ ಮೇಲೆ ಹಿರಿಯರಿಗೆ ಬುದ್ಧಿ ಬಂತು, ಒಂದು ಕಟ್ಟಳೆ ಮಾಡಿದರು. ಊರಿಗೊಬ್ಬ ಆಳು. ಕೈಗೆ ಒದ್ದೆ ಅರಿವೆ ಸುತ್ತಿಕೊಂಡು ನಡುಗಡ್ಡೆಯ ಮೇಲೆ ಬರೀ ಮುಷ್ಟಿ ಕಾಳಗ. ಬಿದ್ದವನು ಸೋತ, ಸಾಕೆಂದು ಕೂತವನೂ ಸೋತ. ಆಮೇಲೆ ಸೋತವನೇ ಬಂದು ಗೆದ್ದವನ ಕೈಯ ಅರಿವೆ ಬಿಚ್ಚಿ, ಹೊಳೆನೀರು ಹಾಕಿ ಆ ಕೈ ತೊಳೆಯಬೇಕು. ಬೇರೆ ಯಾರೂ ಆ ಅರಿವೆ ಮುಟ್ಟುವಂತಿಲ್ಲ, ಗೆದ್ದವನು ತಾನಾಗಿ ಬಿಚ್ಚಿಕೊಳ್ಳುವಂತೆಯೂ ಇಲ್ಲ. ಅರಿವೆ ಬಿಚ್ಚುವ ತನಕ ಅದು ಗೆಲುವಲ್ಲ, ಬರೀ ಹೊಡೆದಾಟ. ಅಲ್ಲಿಯ ತನಕ ನಡುಗಡ್ಡೆಗೆ ಒಂದು ಬೀಜವೂ ಬೀಳುವಂತಿಲ್ಲ.

ತೊರೆಹಾಳದಲ್ಲಿ ಫಕೀರಪ್ಪ ಅಂತ ಒಬ್ಬನಿದ್ದ. ಬಾವಿ ತೋಡುವುದು ಅವನ ಕಸುಬು. ಅವನ ವಿಷಯ ಜನ ಏನೇನೋ ಹೇಳುತ್ತಾರೆ. ಅವನು ಗುದ್ದಿದ್ದಕ್ಕೆ ಬೇವಿನ ಮರದ ಎಲೆಯೆಲ್ಲ ಉದುರಿತು ಅನ್ನುತ್ತಾರೆ. ಮದವೇರಿದ ಕೋಣದ ಹಣೆಗೆ ಒಂದೇ ಏಟು ಕೊಟ್ಟು ಮಂಡಿಯೂರಿಸಿದ ಅನ್ನುತ್ತಾರೆ. ಕರು ಇದ್ದಿರಬೇಕು. ನಮ್ಮ ಜನದ ಬಾಯಲ್ಲಿ ಕರು ಕೋಣವಾಗಲು ಎಷ್ಟು ಹೊತ್ತು ಬೇಕು? ಆದರೆ ಅವನು ಸೋತದ್ದನ್ನು ಕಂಡವರಿಲ್ಲ ಅನ್ನುವುದನ್ನು ಮಾತ್ರ ಎರಡೂ ದಂಡೆಯವರು ಒಪ್ಪುತ್ತಾರೆ.

ಗೆಲ್ಲುತ್ತಿದ್ದ, ಹೌದು. ಅರಿವೆಯನ್ನೂ ಬಿಚ್ಚಿಸಿಕೊಳ್ಳುತ್ತಿದ್ದ. ಆದರೆ ಗೆದ್ದ ಮಾರನೆಯ ದಿನವೇ ಆಚೆ ದಂಡೆಯಿಂದ ಒಂದು ಮಾತು ಬರುತ್ತಿತ್ತಂತೆ. ಒಂದು ವರ್ಷ ತಮ್ಮವನ ಕಣ್ಣಿಗೆ ಬಿಸಿಲು ಹೊಡೆಯಿತು ಅಂದರು. ಇನ್ನೊಂದು ವರ್ಷ ತಮ್ಮವನಿಗೆ ಹಿಂದಿನ ದಿನ ಜ್ವರವಿತ್ತು ಅಂದರು. ಗೆದ್ದ ನಿಜ, ಆದರೆ... ಅನ್ನುವುದೇ ಅವರ ಪಲ್ಲವಿ. ಸೋತವರ ಬಾಯಿಗೆ ಬೀಗ ಹಾಕಿದವರುಂಟೇ? ಬೇರೆಯವನಾಗಿದ್ದರೆ ನಕ್ಕು ಬಿಡುತ್ತಿದ್ದ. ಫಕೀರಪ್ಪನಿಗೆ ಅದು ಹಲ್ಲಿನ ಸಂದಿಗೆ ಸಿಕ್ಕ ಜೋಳದ ಹೊಟ್ಟಿನ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಆಮೇಲೆ ಕಲ್ಲಗೋನಾಳದಿಂದ ರಾಚಪ್ಪ ಬಂದ. ಹರಿಗೋಲು ಹಾಕುವ ಹುಡುಗ, ಹುಟ್ಟು ಹಾಕಿ ಹಾಕಿ ತೋಳು ಗಟ್ಟಿಯಾಗಿದ್ದವು, ಹೊಸದಾಗಿ ಮದುವೆಯಾಗಿತ್ತು. ಮೊದಲ ಸಲ ಎದುರಾದಾಗ ಚೆನ್ನಾಗಿಯೇ ಹೊಡೆದಾಡಿದನಂತೆ. ಕೊನೆಗೆ ಫಕೀರಪ್ಪನ ಒಂದು ಏಟು ದವಡೆಗೆ ಬಿತ್ತು, ರಾಚಪ್ಪನ ಕಾಲ ಕೆಳಗಿನ ಉಸುಕು ಕುಸಿಯಿತು, ಬಿದ್ದ. ಬಿದ್ದವನು ಎದ್ದು ಬಂದು ಅರಿವೆ ಬಿಚ್ಚಿ, ಕೈ ತೊಳೆಯುತ್ತ, ನಗುತ್ತ ಅಂದನಂತೆ: “ಎಣ್ಣಾ, ನಾ ಬಿದ್ದಿದ್ದು ನಿನ್ನ ಕೈಗಲ್ಲ, ಉಸುಕಿಗೆ ನೋಡು.”

ಹುಡುಗ ಚೇಷ್ಟೆಗೆ ಅಂದ ಮಾತು. ಅವನಿಗೆ ಅದು ಮರೆತೂ ಹೋಗಿರಬೇಕು. ಆದರೆ ಕಲ್ಲಗೋನಾಳದ ಹೆಂಗಸರು ಅದನ್ನು ಬೀಸುಕಲ್ಲಿನ ಹಾಡಿಗೆ ಸೇರಿಸಿದರು. ಗಾಳಿ ಇತ್ತ ತಿರುಗಿದಾಗ ಫಕೀರಪ್ಪ ತೋಡುತ್ತಿದ್ದ ಬಾವಿಯ ಒಳಗೂ ಅದು ಕೇಳುತ್ತಿತ್ತಂತೆ. ಅವನಿಗೆ ಅನ್ನ ಸೇರಲಿಲ್ಲ.

ಅವನಿಗೆ ಮುಷ್ಟಿ ಕಲಿಸಿದವನು ಮಾನಪ್ಪ ವಸ್ತಾದ. ಹಣ್ಣು ಹಣ್ಣು ಮುದುಕ, ಗರಡಿಮನೆಯ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಫಕೀರಪ್ಪ ಹೋಗಿ ಅವನ ಮುಂದೆ ಕೂತ. ಇಷ್ಟು ವರ್ಷ ಗೆದ್ದರೂ ಇದು ಗೆಲುವಿನ ಹಾಗೆ ಅನ್ನಿಸುವುದಿಲ್ಲ, ಏನು ಕಡಿಮೆಯಾಗಿದೆ ಅಂತ ಕೇಳಿದ. ವಸ್ತಾದ ಹೇಳಿದನಂತೆ: “ನೋಡಿದವರೆಲ್ಲ ಹೌದು ಅಂದ್ರ ಅದೊಂದು ಗೆಲುವು. ಹೊಡಿಸಿಕೊಂಡಾಂವನ ಹೊಟ್ಟಿಯೊಳಗೂ ‘ಆದ್ರ’ ಅನ್ನೂ ಮಾತು ಉಳಿಬಾರದು. ಅದು ಖರೇ ಗೆಲುವು.” ಮುದುಕ ಇನ್ನೂ ಏನೋ ಹೇಳುವವನಿದ್ದ, ಆದರೆ ಕೆಮ್ಮು ಬಂತು. ಕೆಮ್ಮು ನಿಲ್ಲುವುದರೊಳಗೆ ಫಕೀರಪ್ಪ ಎದ್ದು ಹೋಗಿದ್ದ. ಅರ್ಧ ಕೇಳಿ ಎದ್ದು ಹೋಗುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮರುವರ್ಷ ನೀರಿಳಿಯಿತು. ಮತ್ತೆ ಫಕೀರಪ್ಪ, ಮತ್ತೆ ರಾಚಪ್ಪ. ಈ ಸಲ ಫಕೀರಪ್ಪ ‘ಆದರೆ’ಗೆ ಜಾಗವೇ ಇಲ್ಲದ ಹಾಗೆ ಮಾಡಿದನಂತೆ. ಬಿಸಿಲಿಗೆ ತಾನು ಮುಖ ಕೊಟ್ಟು ನಿಂತ. ಉಸುಕಿಗೆ ನೀರು ಹಾಕಿಸಿ, ಎತ್ತು ತುಳಿಸಿ, ಕಣದ ಹಾಗೆ ಗಟ್ಟಿ ಮಾಡಿಸಿದ. ಹೊಟ್ಟೆ ತುಂಬ ಉಂಡು ಬಂದೆಯಾ, ಮೈಯಲ್ಲಿ ಆರಾಮವೇ ಅಂತ ಎಲ್ಲರೆದುರು ರಾಚಪ್ಪನನ್ನು ಕೇಳಿದ. ಮೊದಲ ಏಟನ್ನೂ ಅವನಿಗೇ ಬಿಟ್ಟುಕೊಟ್ಟ.

ಅದೊಂದೇ ಏಟು ಫಕೀರಪ್ಪನ ಮೈಗೆ ತಾಗಿದ್ದು ಅನ್ನುತ್ತಾರೆ. ಆಮೇಲೆ ರಾಚಪ್ಪ ಎಡಕ್ಕೆ ಸರಿದರೆ ಫಕೀರಪ್ಪ ಅಲ್ಲಿದ್ದ, ಬಲಕ್ಕೆ ಸರಿದರೆ ಅಲ್ಲೂ ಇದ್ದ. ಕೈ ಎತ್ತುವ ಮೊದಲೇ ಆ ಕೈ ಎಲ್ಲಿಗೆ ಬರುತ್ತದೆ ಅಂತ ಅವನಿಗೆ ಗೊತ್ತಿರುತ್ತಿತ್ತು. ಹಿಂದೆ ಹೋಗಲು ಬಿಡಲಿಲ್ಲ, ಮುಂದೆ ಬರಲು ಬಿಡಲಿಲ್ಲ. ಮೊದಲು ಎರಡೂ ದಂಡೆಯವರು ಕೂಗುತ್ತಿದ್ದರು. ಆಮೇಲೆ ಕಲ್ಲಗೋನಾಳದವರು ಸುಮ್ಮನಾದರು. ಇನ್ನೂ ಸ್ವಲ್ಪ ಹೊತ್ತಿಗೆ ತೊರೆಹಾಳದವರೂ ಸುಮ್ಮನಾದರು. ಆಗಲೇ ಯಾರಾದರೂ ಎದ್ದು ಸಾಕು ಅನ್ನಬೇಕಿತ್ತು, ಯಾರೂ ಅನ್ನಲಿಲ್ಲ.

ರಾಚಪ್ಪನ ಮಂಡಿ ಮಡಚಿತು. ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಫಕೀರಪ್ಪ ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದ. ಸಿಟ್ಟಿನಿಂದಲ್ಲವಂತೆ, ಸಮಾಧಾನ ಹೇಳುವವನ ಹಾಗೆ ಅಂದನಂತೆ: “ಕೂಡಬ್ಯಾಡ ತಮ್ಮಾ. ನಾಳೆ ಮತ್ತ ಉಸುಕು ಜಾರಿತು ಅಂತಾರ.” ಎತ್ತಿ ನಿಲ್ಲಿಸಿ ಹೊಡೆದ. ಮತ್ತೆ ಮಡಚಿತು, ಮತ್ತೆ ಎತ್ತಿದ, ಮತ್ತೆ ಹೊಡೆದ. ಕೊನೆಗೆ ಕೈ ಬಿಟ್ಟಾಗ ರಾಚಪ್ಪ ಬೀಳಲಿಲ್ಲ, ನಿಂತೇ ಇದ್ದ. ಕಣ್ಣು ತೆರೆದಿದ್ದವು, ಕಣ್ಣಲ್ಲಿ ಅವನಿರಲಿಲ್ಲ. ಅವನ ಹೆಂಡತಿ ಹೊಳೆವ್ವ ಜನರನ್ನು ಸೀಳಿಕೊಂಡು ಬಂದು, ಭುಜ ಹಿಡಿದು, ಮೆಲ್ಲಗೆ ಅವನನ್ನು ಕೂಡಿಸಿದಳು.

ಫಕೀರಪ್ಪ ಕಟ್ಟಳೆಯಂತೆ ಎರಡೂ ಕೈ ಮುಂದೆ ಮಾಡಿ ನಿಂತ. ರಾಚಪ್ಪ ಹೊಳೆಯ ಕಡೆ ನೋಡುತ್ತ ಕೂತಿದ್ದ. ಫಕೀರಪ್ಪ ಕಾದ. ಬಿಸಿಲು ಏರಿತು, ಜನ ಒಬ್ಬೊಬ್ಬರಾಗಿ ಹರಿಗೋಲು ಹತ್ತಿದರು. ಮಾನಪ್ಪ ವಸ್ತಾದನನ್ನು ಅವತ್ತು ಹೊತ್ತು ತಂದಿದ್ದರಂತೆ. ಅವನು ಶಿಷ್ಯನ ಕೈಯನ್ನೂ ನೋಡಿದ, ಮುಖವನ್ನೂ ನೋಡಿದ. “ಗೆದ್ದಿ. ಆದ್ರ ಗೆದ್ದಿ ಅಂತ ಒಪ್ಪಾಕ ಎದುರಿಗೆ ಒಬ್ಬ ಉಳಿಬೇಕಾಗಿತ್ತಲ್ಲೋ,” ಅಂದ. ಕೆಮ್ಮಿನಲ್ಲಿ ನಿಂತುಹೋದ ಮಾತು ಅದೇ ಇರಬೇಕು. ಆಮೇಲೆ ಅವನು ಫಕೀರಪ್ಪನ ಜೊತೆ ಮಾತಾಡಲಿಲ್ಲ, ಆ ವರ್ಷವೇ ತೀರಿಕೊಂಡ.

ನಡುಗಡ್ಡೆ ಬೀಳು ಬಿತ್ತು. ಅರಿವೆ ಬಿಚ್ಚದೆ ಬೀಜ ಹಾಕುವ ಹಾಗಿಲ್ಲವಲ್ಲ. ಎರಡೂ ಊರಿನ ಹಿರಿಯರು ಕೂಡಿ, ಬೇರೆ ಯಾರಾದರೂ ಬಿಚ್ಚಲಿ, ದೇವರಿಗೆ ತಪ್ಪುಕಾಣಿಕೆ ಕೊಟ್ಟರಾಯಿತು ಅಂದರಂತೆ. ಫಕೀರಪ್ಪ ಒಪ್ಪಲಿಲ್ಲ. ಬಿಚ್ಚುವವನು ರಾಚಪ್ಪನೇ ಅಂದ. ಅರಿವೆ ಸುತ್ತಿದ ಕೈಯಲ್ಲಿ ಗುದ್ದಲಿ ಹಿಡಿಯಲಾಗದೆ ಬಾವಿಯ ಕೆಲಸ ಹೋಯಿತು. ಊರಿಗೂ ಅವನು ಬೇಡವಾದ. ಗೆದ್ದಾಗ ಹೆಗಲ ಮೇಲೆ ಹೊತ್ತವರೇ ಅವನು ಎದುರು ಬಂದರೆ ಓಣಿ ಬದಲಿಸುತ್ತಿದ್ದರಂತೆ.

ದಿನಾ ಬೆಳಗ್ಗೆ ಅವನು ಹೊಳೆ ದಾಟಿ ರಾಚಪ್ಪನ ಅಂಗಳಕ್ಕೆ ಹೋಗುತ್ತಿದ್ದ. ಮೊದಮೊದಲು ಹೊಳೆವ್ವ ಮುಸುರೆ ನೀರು ಎರಚಿದಳು. ಅವನು ಒದ್ದೆ ಮೈಯಲ್ಲೇ ಕೂತ. ರಾಚಪ್ಪನ ಎದುರು ಕೂತು ಕೈ ಮುಂದೆ ಚಾಚುತ್ತಿದ್ದ. ರಾಚಪ್ಪ ತಟ್ಟನೆ ಎರಡೂ ತೋಳೆತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದ. ಹೆಸರು ಮರೆತಿತ್ತು, ಹೆಂಡತಿಯೂ ಮರೆತುಹೋಗಿದ್ದಳು, ಹುಟ್ಟು ಹಾಕುವುದು ಮರೆತಿತ್ತು. ಇದೊಂದು ಮರೆತಿರಲಿಲ್ಲ. ಫಕೀರಪ್ಪನಿಗೆ ಬೇಕಾಗಿದ್ದ ಗೆಲುವು ಇದೇ ಆಗಿತ್ತು. ಈಗ ಅದು ದಿನಾ ಬೆಳಗ್ಗೆ ಅವನ ಎದುರು ತೋಳೆತ್ತುತ್ತಿತ್ತು, ಅವನು ಅದನ್ನು ನೋಡಿ ಗಂಡಸು ಅನ್ನುವುದನ್ನು ಮರೆತು ಅಳುತ್ತಿದ್ದನಂತೆ.

ಒಂದು ದಿನ ಹೊಳೆವ್ವ ಗಂಡನಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದವಳು, ಇನ್ನೊಂದು ತುತ್ತನ್ನು ಫಕೀರಪ್ಪನ ಬಾಯಿಗೆ ಇಟ್ಟಳು. ಕರುಣೆ ಬಂತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಸಿದವನು ಅಂಗಳದಲ್ಲಿ ಕೂತಿರುವಾಗ ಒಬ್ಬನಿಗೇ ಉಣಿಸಲು ಅವಳಿಗೆ ಕೈ ಬರಲಿಲ್ಲ, ಅಷ್ಟೆ. ತುತ್ತು ಇಟ್ಟು ಅಂದಳಂತೆ: “ಎಣ್ಣಾ, ಕೈ ಮುಂದ ಮಾಡಬ್ಯಾಡ. ಅಂವ ಅಂಜತಾನ. ಎದುರಿಗೂ ಕೂಡಬ್ಯಾಡ, ಬಾಜೂಕ ಕೂಡು.”

ಅವತ್ತಿನಿಂದ ಫಕೀರಪ್ಪ ಕೈಗಳನ್ನು ಕಂಬಳಿಯೊಳಗೆ ಅಡಗಿಸಿ ರಾಚಪ್ಪನ ಪಕ್ಕದಲ್ಲಿ ಕೂರತೊಡಗಿದ. ಇಬ್ಬರೂ ಹೊಳೆ ನೋಡುತ್ತಿದ್ದರು. ಏಳುವಾಗ ದಿನಾ ಒಂದೇ ಮಾತು ಕೇಳುತ್ತಿದ್ದನಂತೆ, “ತಮ್ಮಾ, ನಾ ಯಾರ ಹೇಳು.” ಅರಿವೆ ಬಿಚ್ಚು ಅಂತ ಕೇಳುವುದನ್ನು ಬಿಟ್ಟಿದ್ದ. ರಾಚಪ್ಪ ಈಗ ತೋಳೆತ್ತುತ್ತಿರಲಿಲ್ಲ, ಆದರೆ ಹೇಳುತ್ತಲೂ ಇರಲಿಲ್ಲ. ಹಾಗೆಯೇ ಇಬ್ಬರ ತಲೆಯೂ ಹಣ್ಣಾಯಿತು.

ಫಕೀರಪ್ಪ ಮೊದಲು ಹೋದ. ಸಾಯುವ ಮುನ್ನ ರಾಚಪ್ಪ ಅರಿವೆ ಬಿಚ್ಚಿದ ಅಂತ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ನಂಬಬೇಡಿ. ಜೀರ್ಣವಾಗಿ ಮೈಗೇ ಅಂಟಿದ್ದ ಆ ಅರಿವೆಯ ಸಮೇತ ಮಣ್ಣು ಮಾಡಿದರು. ಕುಣಿಯ ಹತ್ತಿರ ಹೊಳೆವ್ವ ಗಂಡನ ಕೈ ಹಿಡಿದು ಕರೆತಂದಿದ್ದಳಂತೆ. ಇವನು ಯಾರು ಗೊತ್ತೇ ಅಂತ ಅವಳೂ ಕೇಳಿದಳಂತೆ. ಅವನು ಮಣ್ಣನ್ನು ನೋಡುತ್ತ ನಿಂತಿದ್ದ.

ಆಮೇಲೆ ಎರಡೂ ಊರಿನ ಹಿರಿಯರು ಕೂಡಿ ಹಳೆಯ ಕಟ್ಟಳೆಯನ್ನು ತಿದ್ದಿದರಂತೆ. ಈಗಲೂ ನೀರಿಳಿದ ಮೇಲೆ ಎರಡೂ ಊರಿನ ಇಬ್ಬರು ಕೈಗೆ ಅರಿವೆ ಸುತ್ತಿಕೊಂಡು ನಡುಗಡ್ಡೆಗೆ ಇಳಿಯುತ್ತಾರೆ. ಹೊಡೆದಾಡುತ್ತಾರೆ, ಸುಳ್ಳು ಹೊಡೆದಾಟವಲ್ಲ. ಒಬ್ಬನ ಕಾಲು ತಡವರಿಸಿತೋ, ಇನ್ನೊಬ್ಬ ಅಲ್ಲಿಗೆ ಕೈ ನಿಲ್ಲಿಸಿ, ಭುಜ ಹಿಡಿದು ಅವನನ್ನು ಕೂಡಿಸಿ, ತಾನೂ ಪಕ್ಕದಲ್ಲಿ ಕೂರುತ್ತಾನೆ. ಇಬ್ಬರೂ ಕೂತ ಮೇಲೆ ಇಬ್ಬರೂ ಸೋತಂತೆ, ನೆಲ ಇಬ್ಬರಿಗೂ. ಆದರೆ ಬೀಜದ ಚೀಲಕ್ಕೆ ಆಗಲೇ ಯಾರೂ ಕೈ ಹಾಕುವುದಿಲ್ಲ. ಗೆಲ್ಲಬೇಕಾಗಿದ್ದವನು ಸೋಲಬೇಕಾಗಿದ್ದವನ ಕಿವಿಯ ಹತ್ತಿರ ಬಾಗಿ, “ನಾ ಯಾರ ಹೇಳು” ಅಂತ ಕೇಳುತ್ತಾನೆ. ಎರಡೂ ದಂಡೆಯ ಜನ ಕಾಯುತ್ತಾರೆ. ಅವನು ಹೆಸರು ಹೇಳಿದ ಮೇಲೆಯೇ ಬಿತ್ತನೆ.